ಎರಡರಲ್ಲೂ ಮುಂದಿರುವ ದೇಶ ಬಟ್ಟೆ ಕೊಳ್ಳುವುದೇಕೆ?

ಓದುಗರ ಪತ್ರ: ಬಿ.ಕಾಂ. ಮೊದಲ ವರ್ಷದ ನಮ್ಮ ಗೈಡಿನಲ್ಲಿ ರಿಕಾರ್ಡೊನ ಕೋಷ್ಟಕವಿದೆ. ಇಂಗ್ಲೆಂಡಿಗೆ ಬಟ್ಟೆಗೆ 100 ಆಳು, ವೈನಿಗೆ 120. ಪೋರ್ಚುಗಲ್ಲಿಗೆ ಬಟ್ಟೆಗೆ 90, ವೈನಿಗೆ 80. ಎರಡಕ್ಕೂ ಪೋರ್ಚುಗಲ್ಲಿಗೇ ಕಡಿಮೆ ಆಳು ಸಾಕು. ಆದರೂ ಬಟ್ಟೆ ನೇಯಬೇಕಾದ್ದು ಇಂಗ್ಲೆಂಡ್ ಎಂದು ಉತ್ತರ ಕೊಟ್ಟಿದ್ದಾರೆ. ಅಚ್ಚಿನ ತಪ್ಪೇ? ಅಲ್ಲವಾದರೆ, ಪೋರ್ಚುಗಲ್ ಇದರಿಂದ ಉದ್ಧಾರವಾಯಿತೇ?

ಸಂಪಾದಕರ ಉತ್ತರ: ಅಂಕಿಗಳೂ ಸರಿ, ಉತ್ತರವೂ ಸರಿ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟದ್ದು ಇದೇ ಲೆಕ್ಕ: ಗೊತ್ತುಪಡಿಸಿದಷ್ಟು ಬಟ್ಟೆಗೆ, ಗೊತ್ತುಪಡಿಸಿದಷ್ಟು ವೈನಿಗೆ (ಅಷ್ಟನ್ನು ಒಂದು ಪಾಲು ಎನ್ನೋಣ) ಒಂದು ವರ್ಷ ದುಡಿಯಬೇಕಾದ ಆಳುಗಳು. ನೀವು 90ನ್ನು 100ರ ಪಕ್ಕ ಇಟ್ಟು ನೋಡಿದ್ದೀರಿ. ಇಡಬೇಕಾದ್ದು 80ರ ಪಕ್ಕ. ಮಗ್ಗಕ್ಕೆ ಕಳಿಸಿದ ಆ 90 ಆಳು ದ್ರಾಕ್ಷಿ ತೋಟದಲ್ಲೇ ಉಳಿದಿದ್ದರೆ 90 ÷ 80, ಅಂದರೆ 1.125 ಪಾಲು ವೈನ್ ಆಗುತ್ತಿತ್ತು. ಪೋರ್ಚುಗಲ್ಲಿಗೆ ಒಂದು ಪಾಲು ಬಟ್ಟೆಯ ಅವಕಾಶ ವೆಚ್ಚ, ಅಂದರೆ ಅದಕ್ಕಾಗಿ ಕೈಬಿಡಬೇಕಾದದ್ದು, ಅದೇ. ಇಂಗ್ಲೆಂಡಿನಲ್ಲಿ 100 ÷ 120, ಸುಮಾರು 0.83 ಪಾಲು. ಬಟ್ಟೆಗಾಗಿ ಕಡಿಮೆ ವೈನ್ ಬಿಟ್ಟುಕೊಡುವುದು ಇಂಗ್ಲೆಂಡ್, ಹಾಗಾಗಿ ಬಟ್ಟೆ ಅದರ ಪಾಲಿಗೆ.

ಈಗ ಒಂದು ಪಾಲು ಬಟ್ಟೆಗೆ ಒಂದು ಪಾಲು ವೈನ್ ವಿನಿಮಯವಾಯಿತೆನ್ನಿ. ಪೋರ್ಚುಗಲ್ 80 ಆಳಿನ ವೈನ್ ಕೊಟ್ಟು, ತಾನೇ ನೇಯ್ದಿದ್ದರೆ 90 ಆಳು ಹಿಡಿಯುತ್ತಿದ್ದ ಬಟ್ಟೆ ಪಡೆಯುತ್ತದೆ. 10 ಆಳು ಮಿಕ್ಕಿತು. ಇಂಗ್ಲೆಂಡ್ 100 ಆಳಿನ ಬಟ್ಟೆ ಕೊಟ್ಟು 120 ಆಳಿನ ವೈನ್ ಪಡೆಯುತ್ತದೆ, 20 ಮಿಕ್ಕಿತು. ಮೊದಲು 390 ಆಳು ಮಾಡುತ್ತಿದ್ದ ಕೆಲಸಕ್ಕೆ ಈಗ 360 ಸಾಕು.

ಈ ಲಾಭ ಹೀಗೇ ಹಂಚಿಕೆಯಾಗಬೇಕೆಂಬ ನಿಯಮವೇನಿಲ್ಲ. ಒಂದು ಪಾಲು ಬಟ್ಟೆಗೆ 0.83ರಿಂದ 1.125 ಪಾಲು ವೈನಿನವರೆಗೆ ಯಾವ ದರಕ್ಕೂ ವ್ಯಾಪಾರ ಕುದುರಬಹುದು. ದರ 0.9ಕ್ಕೆ ಇಳಿದರೆ ಪೋರ್ಚುಗಲ್ಲಿಗೆ ಒಂದು ಪಾಲು ಬಟ್ಟೆಗೆ 18 ಆಳು ಉಳಿತಾಯ, ಇಂಗ್ಲೆಂಡಿಗೆ ಒಂದು ಪಾಲು ವೈನಿಗೆ ಸುಮಾರು 9. 1.125 ದಾಟಿದರೆ ಪೋರ್ಚುಗಲ್ ತಾನೇ ನೇಯ್ದುಕೊಳ್ಳುತ್ತದೆ. ಸಾಗಣೆ ಖರ್ಚನ್ನೂ ಇದೇ ಅಂತರದೊಳಗಿಂದ ತುಂಬಬೇಕು. ಅದು ಅಂತರವನ್ನೇ ನುಂಗಿದರೆ ಹಡಗು ಹೊರಡುವುದಿಲ್ಲ.

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಬೇರೆ. ಕೆಲವು ಪ್ರಶ್ನೆಗಳಲ್ಲಿ ಎಷ್ಟು ಆಳು ಬೇಕು ಎಂದು ಕೊಡುವುದಿಲ್ಲ, ಒಬ್ಬ ಆಳು ದಿನಕ್ಕೆ ಎಷ್ಟು ಮಾಡುತ್ತಾನೆ ಎಂದು ಕೊಡುತ್ತಾರೆ. ಆಗ ಭಾಗಾಕಾರ ತಿರುಗುತ್ತದೆ. ದಿನಕ್ಕೆ 6 ಬುಟ್ಟಿ ಅಥವಾ 3 ಚಾಪೆ ಎಂದಿದ್ದರೆ ಒಂದು ಚಾಪೆಯ ವೆಚ್ಚ 6 ÷ 3, ಅಂದರೆ 2 ಬುಟ್ಟಿ. ಸೂತ್ರ ಬಾಯಿಪಾಠ ಮಾಡಿದವರು ಇಲ್ಲಿ ಅರ್ಧ ಬುಟ್ಟಿ ಎಂದು ಬರೆದು ಬರುತ್ತಾರೆ. ತಾಳೆ ನೋಡುವುದು ಸುಲಭ: ಒಂದೇ ದೇಶಕ್ಕೆ ಎರಡರಲ್ಲೂ ತುಲನಾತ್ಮಕ ಅನುಕೂಲ (ಅಂದರೆ ಕಡಿಮೆ ಅವಕಾಶ ವೆಚ್ಚ) ಬಂದಿದ್ದರೆ ಲೆಕ್ಕ ತಪ್ಪಿದೆ. ಎರಡರಲ್ಲೂ ಮುಂದಿರಬಹುದು, ಅದು ನಿರಪೇಕ್ಷ ಅನುಕೂಲ. ಪೋರ್ಚುಗಲ್ಲಿಗೆ ಬಟ್ಟೆಗೆ 75, ವೈನಿಗೆ 90 ಆಳು ಬೇಕಿತ್ತು ಎಂದಿಟ್ಟು ನೋಡಿ. ಆಗಲೂ ಎರಡರಲ್ಲೂ ಅದೇ ಮುಂದೆ. ಆದರೆ 75 ÷ 90 ಕೂಡ 0.83. ವಿನಿಮಯದಿಂದ ಯಾರಿಗೂ ಚಿಕ್ಕಾಸಿನ ಲಾಭವಿಲ್ಲ.

ಇನ್ನು ಉದ್ಧಾರದ ಮಾತು. ರಿಕಾರ್ಡೊನ ಅಂಕಿಗಳು ವಾದಕ್ಕಾಗಿ ಕಲ್ಪಿಸಿಕೊಂಡವು, ಅವುಗಳಿಂದ ಚರಿತ್ರೆ ಓದಲಾಗದು. ಬಂಡವಾಳ ಗಡಿ ದಾಟುವುದಿಲ್ಲ ಎಂಬುದು ಅವನ ಷರತ್ತು. ಸಲೀಸಾಗಿ ದಾಟುವಂತಿದ್ದರೆ ಬಟ್ಟೆ, ವೈನ್ ಎರಡನ್ನೂ ಪೋರ್ಚುಗಲ್ಲಿನಲ್ಲೇ ಮಾಡುವುದು ಲಾಭಕರವೆಂದು ಅವನೇ ಬರೆದಿದ್ದಾನೆ. ಗೈಡುಗಳು ಈ ಸಾಲನ್ನು ಬಿಡುತ್ತವೆ, ಬಿಡಬಾರದಿತ್ತು. ಮಗ್ಗ ಬಿಟ್ಟ ನೇಕಾರ ಮರುದಿನವೇ ತೋಟದಲ್ಲಿ ಪಳಗಿದ ಆಳಾಗುತ್ತಾನೆಂಬ ಊಹೆಯೂ ಕೋಷ್ಟಕದೊಳಗೆ ಅಡಗಿದೆ.

ನಿಜದ ವ್ಯಾಪಾರ 1703ರ ಮೆಥುವೆನ್ ಒಪ್ಪಂದದ ನೆರಳಿನಲ್ಲಿ ನಡೆಯಿತು. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಿತು; ಪೋರ್ಚುಗಲ್ಲಿನ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ. 18ನೇ ಶತಮಾನದ ಬಹುಭಾಗ ವೈನ್ ಮಾರಿದ ಹಣ ಬಟ್ಟೆಯ ಬಿಲ್ಲಿಗೆ ಸಾಲಲಿಲ್ಲ. ಕೊರತೆಯನ್ನು ಬ್ರೆಜಿಲ್‌ನ ಗಣಿಗಳ ಚಿನ್ನದಿಂದ ತುಂಬಿದರು, ಆ ಗಣಿಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು.