ಕಿಲ್ ಕಡಿಮೆ ಅಂತ ಸಪೋರ್ಟ್ ಆಡುವವನನ್ನು ತಂಡದಿಂದ ತೆಗೆಯಬೇಕಾ?

ಬೇಡ, ಈಗಲೇ ತೆಗೆಯಬೇಡಿ. ಕುಮಟಾದ ನಿಮ್ಮ ನಾಲ್ವರ ಬಿಜಿಎಂಐ (ಮೊಬೈಲ್‌ನಲ್ಲಿ ಆಡುವ ಗುಂಡಿನ ಆಟ, ಕೊನೆಯವರೆಗೆ ಉಳಿದ ತಂಡ ಗೆಲ್ಲುತ್ತದೆ) ತಂಡ ಒಂದಾದ ಮೇಲೊಂದು ಟೂರ್ನಮೆಂಟ್ ಸೋಲುತ್ತಿದೆ, ಸಪೋರ್ಟ್ ಆಡುವ, ಅಂದರೆ ಹಿಂದಿನಿಂದ ಉಳಿದವರನ್ನು ಕಾಯುವ ಹುಡುಗನ ಕಿಲ್ (ಹೊಡೆದುರುಳಿಸಿದ ಎದುರಾಳಿಗಳ ಲೆಕ್ಕ) ಎಲ್ಲರಿಗಿಂತ ಕಡಿಮೆ, ಅವನ ಜಾಗಕ್ಕೆ ಅಂಕೋಲಾದ ಒಬ್ಬ ಗಟ್ಟಿ ಫ್ರ್ಯಾಗರ್ (ಹೆಚ್ಚು ಕಿಲ್ ಹೊಡೆಯುವವನು) ಬರಲು ತಯಾರಿದ್ದಾನೆ, ಸೇರಿಸಿಕೊಳ್ಳೋಣವಾ ಅಂತ ಕೇಳಿದ್ದೀರಿ. ನಾನು ಶಿರಸಿಯಲ್ಲಿ ಕಾಲೇಜು ಹುಡುಗರ ಒಂದು ತಂಡದ ಅಭ್ಯಾಸ ನೋಡಿಕೊಳ್ಳುತ್ತೇನೆ. ಸೋತಾಗಲೆಲ್ಲ ಇದೇ ಮಾತು ನಮ್ಮಲ್ಲೂ ಏಳುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯಾರು ಎಷ್ಟು ಹೊಡೆದರು ಅನ್ನುವುದನ್ನು ಸದ್ಯಕ್ಕೆ ಬದಿಗಿಡಿ. ನೀವು ಎಲ್ಲಿ ಸಾಯುತ್ತಿದ್ದೀರಿ ಅಂತ ನೋಡಿ. ಹಿಂದಿನ ಪಂದ್ಯಗಳ ರೆಕಾರ್ಡಿಂಗ್ ಇದ್ದರೆ ನಾಲ್ವರೂ ಒಟ್ಟಿಗೆ ಕೂತು, ಇಳಿದ ಜಾಗದಲ್ಲೇ ಡ್ರಾಪ್ ಕ್ಲ್ಯಾಶ್ ಆಗಿ (ಬೇರೆ ತಂಡವೂ ಅಲ್ಲೇ ಇಳಿದು ಕಾದಾಟವಾಗಿ) ಸತ್ತದ್ದಾ, ಝೋನ್‌ಗೆ (ಕುಗ್ಗುತ್ತಾ ಹೋಗುವ ಸುರಕ್ಷಿತ ವೃತ್ತಕ್ಕೆ) ಹೋಗುವ ದಾರಿಯಲ್ಲಾ, ಕೊನೆಯ ಸರ್ಕಲ್‌ನಲ್ಲಾ ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ.

ಆಟದ ಎರಾಂಗಲ್ ಮ್ಯಾಪನ್ನೇ ತೆಗೆದುಕೊಳ್ಳಿ. ನೀವು ಜಾರ್ಜೋಪೋಲ್‌ನಲ್ಲಿ ಇಳಿದಿದ್ದೀರಿ, ಝೋನ್ ಕೆಳಗೆ ಮಿಲಿಟರಿ ಬೇಸ್ ದ್ವೀಪದ ಕಡೆ ಬಿತ್ತು. ನಡುವೆ ನೀರು. ದಾಟಲು ಎರಡು ಸೇತುವೆ, ಅದು ಬಿಟ್ಟರೆ ದೋಣಿ. ಲೂಟ್ (ಬಂದೂಕು, ಸಾಮಾನು ಹುಡುಕುವುದು) ಮುಗಿಸಿ ಹೊರಡೋಣ ಅಂತ ಒಬ್ಬ, ಈಗಲೇ ಹೊರಡೋಣ ಅಂತ ಇನ್ನೊಬ್ಬ. ಈ ಜಗ್ಗಾಟ ಮುಗಿಯುವಷ್ಟರಲ್ಲಿ ಬೇರೆ ತಂಡವೊಂದು ಸೇತುವೆಯ ಆಚೆ ತುದಿಯಲ್ಲಿ ಗಾಡಿ ಅಡ್ಡ ನಿಲ್ಲಿಸಿ ಕಾಯುತ್ತಾ ಕೂತಿರುತ್ತದೆ. ನೀವು ನಾಲ್ವರೂ ಒಂದೇ ಗಾಡಿಯಲ್ಲಿ ಹೋಗಿ ಒಟ್ಟಿಗೆ ಸಾಯುತ್ತೀರಿ. ಇಂಥ ಕಡೆ ಎಡವಿದ್ದು ಐಜಿಎಲ್ (ಆಟದ ನಡುವೆ ಏನು ಮಾಡಬೇಕು ಅಂತ ಕಾಲ್ ಕೊಡುವ ನಾಯಕ), ಇಲ್ಲವಾದರೆ ಐಜಿಎಲ್ ಮಾತು ಕೇಳದ ಉಳಿದವರು. ಅಂಕೋಲಾದ ಹುಡುಗ ಎಷ್ಟೇ ಗಟ್ಟಿ ಇರಲಿ, ಅದೇ ಸೇತುವೆಯ ಮೇಲೆ ಅವನೂ ಸಾಯುತ್ತಾನೆ ಅಲ್ವಾ?

ಇನ್ನು ಪಾಯಿಂಟ್ ಲೆಕ್ಕ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಈಗ ಗೆದ್ದ ತಂಡಕ್ಕೆ 10, ಎರಡನೆಯ ಸ್ಥಾನಕ್ಕೆ 6, ಮೂರನೆಯದಕ್ಕೆ 5, ಒಂದು ಕಿಲ್ ಅಥವಾ ಫಿನಿಶ್‌ಗೆ 1. ಎಂಟನೆಯ ಸ್ಥಾನದ ಕೆಳಗೆ ಹೋದರೆ ಸ್ಥಾನಕ್ಕೆ ಏನೂ ಇಲ್ಲ. ಎಂಟು ಜನರನ್ನು ಹೊಡೆದು ಹನ್ನೆರಡನೆಯವರಾಗಿ ಹೊರಬಿದ್ದರೆ ಸಿಗುವುದು 8. ಬರೀ ಮೂರು ಜನರನ್ನು ಹೊಡೆದು ಕೊನೆಯವರೆಗೆ ಉಳಿದು ಗೆದ್ದರೆ 13. ಕಿಲ್ ಬೇಡ ಅಂತ ನಾನು ಹೇಳುತ್ತಿಲ್ಲ, ಕಿಲ್ ಇಲ್ಲದೆ ಕಪ್ ಬರುವುದಿಲ್ಲ. ಆದರೆ ಕೊನೆಯವರೆಗೆ ಉಳಿಸಿಕೊಳ್ಳುವ ಕೆಲಸ ಯಾರು ಮಾಡುತ್ತಿದ್ದಾರೆ ಅನ್ನುವುದು ನಿಮ್ಮ ಸ್ಕೋರ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಬಿದ್ದವನ ಸುತ್ತ ಸ್ಮೋಕ್ (ಹೊಗೆಬಾಂಬ್) ಹಾಕಿ ರಿವೈವ್ ಮಾಡುವವನು, ಅಂದರೆ ಅವನನ್ನು ಮತ್ತೆ ಎಬ್ಬಿಸುವವನು ಯಾರು? ನೀವು ಮೂವರೂ ಮುಂದೆ ಗುಂಡು ಹಾರಿಸುವಾಗ ಹಿಂದಿನಿಂದ ಬರುವ ಥರ್ಡ್ ಪಾರ್ಟಿ (ಕಾದಾಟದ ನಡುವೆ ನುಗ್ಗುವ ಮೂರನೆಯ ತಂಡ) ಮೇಲೆ ಕಣ್ಣಿಟ್ಟವನು ಯಾರು? ನಮ್ಮ ಕಡೆ ರಾತ್ರಿ ಹೊನಲು ಬೆಳಕಿನಲ್ಲಿ ವಾಲಿಬಾಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಚೆಂಡು ಎತ್ತಿಕೊಡುವ ಲಿಫ್ಟರ್ ಪಾಯಿಂಟ್ ಹೊಡೆಯಲಿಲ್ಲ ಅಂತ ಯಾರೂ ಅವನನ್ನು ಹೊರಗೆ ಕೂರಿಸುವುದಿಲ್ಲ.

ಹಾಗಂತ ಆಟಗಾರರನ್ನು ಬದಲಾಯಿಸಲೇಬಾರದು ಅಂತಲೂ ಅಲ್ಲ. ಕಂಪ್ಯೂಟರ್‌ನಲ್ಲಿ ಆಡುವ ಇನ್ನೊಂದು ಗುಂಡಿನ ಆಟ ಕೌಂಟರ್ ಸ್ಟ್ರೈಕ್‌ನ ಡೆನ್ಮಾರ್ಕ್ ತಂಡ ಆಸ್ಟ್ರಾಲಿಸ್ ಇದಕ್ಕೆ ಒಳ್ಳೆಯ ಉದಾಹರಣೆ, ನನಗೆ ಬಹಳ ಇಷ್ಟದ ತಂಡ ಕೂಡ. 2016ರಲ್ಲಿ ಅವರು ಐಜಿಎಲ್ ಕ್ಯಾರಿಗನ್‌ನನ್ನು ಬಿಟ್ಟು ಗ್ಲೇವ್‌ನನ್ನು ತಂದರು. 2017ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಮೇಜರ್ (ಆ ಆಟದ ಅತಿ ದೊಡ್ಡ ಟೂರ್ನಮೆಂಟ್) ಗೆದ್ದರು. 2018ರ ಫೆಬ್ರವರಿಯಲ್ಲಿ, ಅದೇ ಅಟ್ಲಾಂಟಾದ ಎಂವಿಪಿ (ಟೂರ್ನಮೆಂಟ್‌ನ ಅತ್ಯುತ್ತಮ ಆಟಗಾರ) ಆಗಿದ್ದ ಕ್ಯಾರ್‌ಬಿ ತಂಡ ಬಿಟ್ಟು ಹೋದ. ಬಂದವನು ಮ್ಯಾಜಿಸ್ಕ್. ಆಮೇಲೆ ಅವರು ಲಂಡನ್, ಕಟೋವಿಸ್, ಬರ್ಲಿನ್ ಅಂತ ಸತತ ಮೂರು ಮೇಜರ್ ಗೆದ್ದರು. ಇಷ್ಟೆಲ್ಲ ಆಗುವಾಗ ಸಪೋರ್ಟ್ ಆಡುವ ಆಂಡ್ರಿಯಾಸ್ ಹೊಯ್ಸ್‌ಲೆತ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಡಿವೈಸ್‌ನಂಥ ಸ್ಟಾರ್ ಇದ್ದ, ಆದರೂ ಒಬ್ಬನೇ ಉಳಿದ ರೌಂಡ್ ಗೆಲ್ಲಿಸಿಕೊಡುವುದರಲ್ಲಿ ಹೊಯ್ಸ್‌ಲೆತ್ ಹೆಸರೇ ಮೊದಲು ಬರುತ್ತಿತ್ತು. ಕ್ಯಾರಿಗನ್ ಕೆಟ್ಟ ಐಜಿಎಲ್ ಅಂತಲೂ ಅಲ್ಲ, ಅವನು 2022ರಲ್ಲಿ ಫೇಝ್ ತಂಡವನ್ನು ಮುನ್ನಡೆಸಿ ಆಂಟ್‌ವರ್ಪ್ ಮೇಜರ್ ಗೆದ್ದ. ಯಾವ ಕೆಲಸಕ್ಕೆ ಜನ ಬೇಕು ಅಂತ ಗೊತ್ತಿದ್ದು ಬದಲಾಯಿಸಿದರೆ ತಂಡ ಮೇಲೆ ಬರುತ್ತದೆ. ಸೋತ ಸಿಟ್ಟಿಗೆ ಬದಲಾಯಿಸಿದರೆ ಸುಮ್ನೆ ಒಂದು ಹೆಸರು ಹೋಗಿ ಇನ್ನೊಂದು ಬರುತ್ತದೆ, ಅಷ್ಟೇ.

ಇನ್ನೊಂದು ವಿಷಯ ನೀವು ಯೋಚಿಸಿಲ್ಲ ಅನಿಸುತ್ತದೆ. ಫ್ರ್ಯಾಗರ್ ಬಂದರೆ ಸಪೋರ್ಟ್ ಕೆಲಸ ಯಾರಿಗೆ ಹೋಗುತ್ತದೆ? ನಿಮ್ಮ ಮೂವರಲ್ಲಿ ಒಬ್ಬರಿಗೆ. ಅಂದರೆ ಅವರ ಆಟವೂ ಬದಲಾಗಬೇಕು, ಕಾಲ್ ಕೊಡುವ ರೀತಿಯೂ ಬದಲಾಗಬೇಕು. ಇದಕ್ಕೆ ಯಾರೂ ತಯಾರಿಲ್ಲ ಅಂದರೆ ಮುಂದೆ ನುಗ್ಗುವವರು ನಾಲ್ವರು, ಹಿಂದೆ ನೋಡುವವರು ಯಾರೂ ಇಲ್ಲ.

ಆದ್ದರಿಂದ ಮೊದಲು ಇರುವ ನಾಲ್ವರಲ್ಲೇ ಕೆಲಸ ಅದಲುಬದಲು ಮಾಡಿ ಕೆಲವು ಸ್ಕ್ರಿಮ್ (ಬೇರೆ ತಂಡಗಳ ಜತೆ ಅಭ್ಯಾಸ ಪಂದ್ಯ) ಆಡಿ. ಮುಂದೆ ನುಗ್ಗುವ ಅಸಾಲ್ಟರ್ ಒಬ್ಬ ಸಪೋರ್ಟ್ ಆಡಲಿ, ಈ ಹುಡುಗ ಮುಂದೆ ಹೋಗಲಿ. ಆಗ ಗೊತ್ತಾಗುತ್ತದೆ ಅವನಿಗೆ ಹೊಡೆಯಲು ಬರುವುದಿಲ್ಲವಾ, ಹೊಡೆಯುವ ಅವಕಾಶವೇ ಸಿಗುತ್ತಿರಲಿಲ್ಲವಾ ಅಂತ. ಅವನ ಪಿಂಗ್ (ಫೋನ್‌ನಿಂದ ಸರ್ವರ್‌ಗೆ ಹೋಗಿ ಬರಲು ನೆಟ್ ತೆಗೆದುಕೊಳ್ಳುವ ಸಮಯ) ಕೂಡ ನೋಡಿ, ತಮಾಷೆಯಲ್ಲ ಇದು. ನಮ್ಮ ಜಿಲ್ಲೆಯಲ್ಲಿ ಪೇಟೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಮಳೆಗಾಲದಲ್ಲಂತೂ ಕರೆಂಟ್ ಹೋದರೆ ಮನೆಯ ವೈಫೈ ಜತೆಗೆ ಟವರ್ ಸಿಗ್ನಲ್ಲೂ ಹೋಗುವುದುಂಟು. ಪಿಂಗ್ ನೂರು ಮಿಲಿಸೆಕೆಂಡ್ ದಾಟಿದವನು ಎದುರಾಳಿಯನ್ನು ನೋಡಿ ಗುಂಡು ಹಾರಿಸುವಷ್ಟರಲ್ಲಿ ತಾನೇ ಬಿದ್ದಿರುತ್ತಾನೆ. ಟೂರ್ನಮೆಂಟ್ ದಿನ ಅವನು ಕುಮಟಾ ಪೇಟೆಯಲ್ಲಿರುವ ನಿಮ್ಮಲ್ಲೊಬ್ಬರ ಮನೆಗೆ ಬಂದು ಆಡಲಿ, ರೌಟರ್ ಇನ್ವರ್ಟರ್‌ಗೆ ಹಾಕಿರಲಿ. ಆಟಗಾರನನ್ನು ಬದಲಾಯಿಸುವುದಕ್ಕಿಂತ ಇದು ಸುಲಭ.

ಇಷ್ಟಾದ ಮೇಲೂ ಅಂಕೋಲಾದವನು ಬೇಕು ಅನಿಸಿದರೆ ಐದನೆಯವನಾಗಿ ಸೇರಿಸಿಕೊಳ್ಳಿ. ಸಬ್‌ಸ್ಟಿಟ್ಯೂಟ್ ಹೆಸರು ಕೊಡಲು ಬಿಡುವ ಟೂರ್ನಮೆಂಟ್ ಬೇಕಾದಷ್ಟಿವೆ, ಆದರೆ ರೋಸ್ಟರ್ ಲಾಕ್ ಯಾವತ್ತು ಅಂತ ನಿಯಮದಲ್ಲಿ ಓದಿಕೊಳ್ಳಿ, ಅದು ದಾಟಿದರೆ ಹೆಸರು ಸೇರಿಸಲು ಬಿಡುವುದಿಲ್ಲ. ಟ್ರಯಲ್ ಅಂದರೆ ಮಧ್ಯರಾತ್ರಿ ಕ್ಲಾಸಿಕ್ (ಯಾರು ಬೇಕಾದರೂ ಆಡುವ ಮಾಮೂಲಿ ಪಂದ್ಯ) ಆಡಿಸಿ ನೋಡುವುದಲ್ಲ, ನಿಮ್ಮ ಸ್ಕ್ರಿಮ್ ಸಮಯಕ್ಕೇ ಕರೆದು ನಿಮ್ಮ ಐಜಿಎಲ್ ಕೈಕೆಳಗೆ ಆಡಿಸಿ, ಹಿಂದೆ ಬಾ ಅಂದಾಗ ಹಿಂದೆ ಬರುತ್ತಾನಾ ನೋಡಿ. ಮತ್ತೆ, ಈ ವಿಷಯ ನಿಮ್ಮ ಸಪೋರ್ಟ್ ಹುಡುಗನಿಗೆ ಮೊದಲೇ ನೇರವಾಗಿ ಹೇಳಿ. ಬೇರೆಯವರ ಬಾಯಿಂದ ತಿಳಿದರೆ ಅವನು ಅವತ್ತಿನಿಂದಲೇ ಮೈಕ್‌ನಲ್ಲಿ ಮಾತು ನಿಲ್ಲಿಸುತ್ತಾನೆ, ಆಗ ಆ ಟ್ರಯಲ್‌ನಲ್ಲಿ ಯಾರ ಆಟವೂ ನಿಮಗೆ ಸರಿಯಾಗಿ ತಿಳಿಯುವುದಿಲ್ಲ.