ಸಿಸೇರಿಯನ್ ಜೊತೆಗೇ ಮಕ್ಕಳಾಗದ ಆಪರೇಶನ್: ಆ ದಿನವೇ ಹೇಳಿದರೆ ಸಾಕಾ?
"ಹೇಗೂ ಹೊಟ್ಟೆ ಕೊಯ್ದಿರುತ್ತಾರೆ, ಬೇಕೋ ಬೇಡವೋ ಅಂತ ಅಲ್ಲೇ ಹೇಳಿದರಾಯ್ತಲ್ವಾ" ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಎರಡನೇ ಸಲ ಗರ್ಭಿಣಿಯಾದಾಗ ನನಗೆ 33. ಇನ್ನು ಮಕ್ಕಳು ಬೇಡ ಅಂತ ಗಟ್ಟಿಯಾಗಿತ್ತು. ಏಳನೇ ತಿಂಗಳ ಚೆಕಪ್‌ನಲ್ಲಿ ಹೇಳಿದೆ. ಡಾಕ್ಟರು ಫೈಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಏನೋ ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದರು. "ಒಪ್ಪಿಗೆ ಪತ್ರಕ್ಕೆ ಇವತ್ತೇ ಸಹಿ ಮಾಡ್ತೀರಾ?" ಅಂದರು. ಮಗ ಮಡಿಲಲ್ಲಿ ರಚ್ಚೆ ಹಿಡಿದಿದ್ದ. "ಮುಂದಿನ ಸಲ" ಅಂದೆ. ಮುಂದಿನ ಸಲವೂ ಅದನ್ನೇ ಅಂದೆ. ತಾರೀಕು ಗೊತ್ತಿರುವ ಸಿಸೇರಿಯನ್, ಅಡ್ಮಿಟ್ ಆದಾಗ ಮಾಡಿದರಾಯ್ತು ಅಂತ.

36ನೇ ವಾರದಲ್ಲಿ, ರಾತ್ರಿ, ನೀರು ಹೋಗೋಕೆ ಶುರುವಾಯಿತು. ಡ್ಯೂಟಿಯಲ್ಲಿದ್ದವರು ಬೇರೆ ಡಾಕ್ಟರು. ಬೆನ್ನಿಗೆ ಇಂಜೆಕ್ಷನ್ ಆಗಿತ್ತು, ಎದೆಯ ಮೇಲೆ ಹಸಿರು ಪರದೆ, ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಮಗು ಅತ್ತ ಮೇಲೆ "ಮಕ್ಕಳಾಗದ ಹಾಗೆ ಅಂಡನಾಳವನ್ನೂ ಕಟ್ಟಿಬಿಡಿ" ಅಂದೆ. ಪರದೆಯಾಚೆ ಹಾಳೆ ತಿರುವುವ ಸದ್ದು. "ಸಹಿ ಇಲ್ಲಮ್ಮ. ಈಗ ಹೇಳಿದ್ದನ್ನ ಒಪ್ಪಿಗೆ ಅಂತ ತಗೊಳ್ಳೋಕಾಗಲ್ಲ." ಹೊಲಿಗೆ ಹಾಕಿಬಿಟ್ಟರು.

ಆಗ ಸಿಟ್ಟು ಬಂತು. ಆದರೆ ಅವರು ಮಾಡಿದ್ದೇ ಸರಿ. ನಡುಗುತ್ತಾ ಮಲಗಿರುವ ಹೆಂಗಸಿನ ಮಾತಿಗೆ ಯಾರೂ ನಾಳ ಕಟ್ಟಬಾರದು. ತಪ್ಪು ನನ್ನದು. ಬಾಯಲ್ಲಿ ಹೇಳಿದ್ದೇ ಸಾಕು ಅಂದುಕೊಂಡೆ. ರಾತ್ರಿ ಬಂದ ಡಾಕ್ಟರಿಗೆ ನಾನು ಎರಡು ತಿಂಗಳ ಹಿಂದೆ ಏನು ಹೇಳಿದ್ದೆ ಅಂತ ಹೇಗೆ ಗೊತ್ತಾಗಬೇಕು? ಅವರ ಕೈಗೆ ಸಿಕ್ಕಿದ್ದು ಒಂದು ಪ್ರಶ್ನೆ ಗುರುತು. ಅದನ್ನು ಅಳಿಸಬೇಕಾದವಳು ನಾನು. ಎರಡು ನಿಮಿಷದ ಕೆಲಸ, ಎರಡು ಸಲ ಮುಂದೂಡಿದೆ.

ಮನೆಗೆ ಬಂದ ಮೇಲೆ ಮತ್ತೆ ಆಪರೇಶನ್‌ಗೆ ಹೋಗೋಕೆ ಆಗಲೇ ಇಲ್ಲ. ಎದೆಹಾಲು ಕುಡಿಸುವಾಗ ಬಸಿರಾಗಲ್ಲ ಅಂತ ಸುಮ್ನೆ ನಂಬಿದ್ದೆ. ಹತ್ತನೇ ತಿಂಗಳಿಗೆ ಮತ್ತೆ ಗರ್ಭಿಣಿ. ಮೂರನೇ ಸಿಸೇರಿಯನ್‌ನಲ್ಲಿ ಒಳಗೆಲ್ಲ ಅಂಟಿಕೊಂಡಿತ್ತು, ರಕ್ತ ಜಾಸ್ತಿ ಹೋಯಿತು. ಆ ಮಗಳು ನನ್ನ ಪ್ರಾಣ, ಅದು ಬೇರೆ ಮಾತು. ಆ ಸಲ 28ನೇ ವಾರಕ್ಕೇ ಸಹಿ ಮಾಡಿ, ಒಂದು ಪ್ರತಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ.

ನಿಮಗೆ 26 ಅಂದಿರಿ. ಹೊಟ್ಟೆ ಹೇಗೂ ಕೊಯ್ದಿರುತ್ತಾರೆ ಅನ್ನೋದನ್ನ ಕಾರಣ ಅಂತ ನಾನು ಒಪ್ಪಲ್ಲ. ಡಾಕ್ಟರಿಗೆ ಅದು ಕೆಲವೇ ನಿಮಿಷದ ಕೆಲಸ, ಅಷ್ಟೇ. ಅಮೆರಿಕದಲ್ಲಿ ಈ ಆಪರೇಶನ್ ಆದವರನ್ನು 14 ವರ್ಷದವರೆಗೆ ವಿಚಾರಿಸಿದ ಅಧ್ಯಯನವೊಂದು 1999ರಲ್ಲಿ ಬಂತು. 30 ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಸುಮಾರು 20% ಜನ ಪಶ್ಚಾತ್ತಾಪ ಪಟ್ಟಿದ್ದರು, 30 ದಾಟಿದವರಲ್ಲಿ ಸುಮಾರು 6%. ಈಗ ಎಷ್ಟೋ ಕಡೆ ನಾಳವನ್ನೇ ಪೂರ್ತಿ ತೆಗೆಯುತ್ತಾರೆ. ಹಾಗೆ ತೆಗೆದರೆ ಮತ್ತೆ ಜೋಡಿಸೋಕೆ ಏನೂ ಉಳಿಯಲ್ಲ. ಚೂರು ಅನುಮಾನ ಇದ್ದರೂ ಬೇಡ ಅನ್ನಿ. ಅದೇ ಸಿಸೇರಿಯನ್‌ನಲ್ಲಿ ಕಾಪರ್ ಟಿ ಹಾಕಿಸಿಕೊಳ್ಳಬಹುದು, ಬೇಡವಾದಾಗ ತೆಗೆಸಬಹುದು. ಇಬ್ಬರಿಗೂ ಇನ್ನು ಮಕ್ಕಳು ಬೇಡವೇ ಬೇಡ ಅಂತಿದ್ದರೆ, ನನ್ನ ಪ್ರಕಾರ ಮೊದಲು ಗಂಡನ ವ್ಯಾಸೆಕ್ಟಮಿ, ಅಂದರೆ ಗಂಡಸರಿಗೆ ಮಾಡುವ ಮಕ್ಕಳಾಗದ ಆಪರೇಶನ್, ಬಗ್ಗೆ ಮಾತಾಡಿ. ಅದು ಇದಕ್ಕಿಂತ ಎಷ್ಟೋ ಚಿಕ್ಕದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಅಂತ ಬರುವವರೆಗೆ ಮಾತ್ರ ಕಾಂಡೋಮ್ ಬಿಡಬೇಡಿ.

ಮುಂದಿನ ಚೆಕಪ್‌ಗೆ ಹೋದಾಗ ಬೇಕು ಅಂತಲೋ ಬೇಡ ಅಂತಲೋ ಪೆನ್ನಿನಲ್ಲೇ ಬರೆಸಿ ಬನ್ನಿ.