ಪತ್ತೇದಾರಿ ಕಾದಂಬರಿ ಬರೆಯುತ್ತೇನೆ. ನನ್ನ ಲೋಗೋ ನಾನೇ ಮಾಡಿಕೊಳ್ಳಬಹುದೇ?

ನಿಮ್ಮ ಎರಡನೇ ಪತ್ತೇದಾರಿ ಕಾದಂಬರಿ ಅಚ್ಚಿಗೆ ಹೋಗುತ್ತಿದೆ, ಭೂತಗನ್ನಡಿಗೆ ಒಂದು ಪೆನ್ನು ಸೇರಿಸಿ ಲೋಗೋ ಮಾಡಿಕೊಳ್ಳುವ ಆಸೆ ಇದೆ, ಆದರೆ ಚಿತ್ರ ಬಿಡಿಸಲು ಬರುವುದಿಲ್ಲ, ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಆ ಭೂತಗನ್ನಡಿ ಬೇಡ. ಪೆನ್ನೂ ಬೇಡ.

ನಾನೂ ಕತೆ ಬರೆಯುವವನೇ. ಹೊಟ್ಟೆಪಾಡಿಗೆ ಪುಸ್ತಕಗಳ ಮುಖಪುಟ, ಒಳಪುಟ ವಿನ್ಯಾಸ ಮಾಡುತ್ತೇನೆ. ಹಾಗಾಗಿ ಲೇಖಕರು ತಂದುಕೊಡುವ ಲೋಗೋಗಳನ್ನು ತುಂಬಾ ನೋಡಿದ್ದೇನೆ. ಗರಿ, ಶಾಯಿಕುಡಿಕೆ, ತೆರೆದ ಪುಸ್ತಕ, ಪುಸ್ತಕದಿಂದ ಹಾರುವ ಹಕ್ಕಿ. ಹೆಸರು ಮುಚ್ಚಿದರೆ ಯಾರದ್ದು ಯಾವುದು ಅಂತ ಬರೆದವರಿಗೇ ಗೊತ್ತಾಗುವುದಿಲ್ಲ.

ನಿಮ್ಮ ಭೂತಗನ್ನಡಿಯ ಕಷ್ಟ ಇನ್ನೂ ಒಂದು ಕೈ ಜಾಸ್ತಿ. ಫೋನಿನ ಪರದೆಯಲ್ಲಿ ಚಿಕ್ಕ ಭೂತಗನ್ನಡಿ ಕಂಡರೆ ಎಲ್ಲರಿಗೂ ಅದು ‘ಹುಡುಕು’ ಗುಂಡಿ. ಓರೆಯಾಗಿ ನಿಂತ ಪೆನ್ನು ಕಂಡರೆ ‘ಎಡಿಟ್’ ಗುಂಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದೋ ಆ್ಯಪ್‌ನ ಟೂಲ್‌ಬಾರ್ ಆಗುತ್ತದೆ, ಕಾದಂಬರಿಕಾರರ ಗುರುತು ಆಗುವುದಿಲ್ಲ. ಇನ್ನೊಂದು ಮಾತು. ಇದು ಪತ್ತೇದಾರಿ ಕತೆ ಅಂತ ಹೇಳುವುದು ಮುಖಪುಟದ ಕೆಲಸ. ಲೋಗೋ ನಿಮ್ಮ ಎಲ್ಲ ಪುಸ್ತಕಗಳ ಮೇಲೂ ಕೂರಬೇಕು. ಮೂರನೆಯದು ಪ್ರೇಮಕತೆ ಆಯಿತು ಅಂತಿಟ್ಟುಕೊಳ್ಳಿ, ಆಗ ಭೂತಗನ್ನಡಿಯನ್ನು ಎಲ್ಲಿ ಇಡುತ್ತೀರಿ?

ಓದುಗರು ಹುಡುಕುವುದು ನಿಮ್ಮ ಹೆಸರನ್ನು. ಮೊದಲ ಪುಸ್ತಕ ಇಷ್ಟವಾದವರು ಎರಡನೆಯದನ್ನು ಕೈಗೆತ್ತಿಕೊಳ್ಳುವುದು ಹೆಸರು ನೋಡಿಯೇ. ಹಾಗಾಗಿ ಆ ಹೆಸರೇ ಲೋಗೋ ಆಗಲಿ. ಹೆಸರು ಹಿಡಿಸದಷ್ಟು ಚಿಕ್ಕ ಜಾಗಕ್ಕೆ ಮಾತ್ರ ಅದರಿಂದಲೇ ಹುಟ್ಟಿದ ಒಂದು ಅಕ್ಷರ ಇರಲಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ.

ಕತೆಗಾರರೇ ಮಾಡಿಕೊಂಡ ಲೋಗೋ ಅಂದರೆ ನನಗೆ ಮೊದಲು ನೆನಪಾಗುವುದು ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್. ತಮ್ಮ ಹೆಸರಿನ ಜೆ, ಆರ್, ಆರ್, ಟಿ ನಾಲ್ಕೂ ಇಂಗ್ಲಿಷ್ ಅಕ್ಷರಗಳನ್ನು ಒಂದರೊಳಗೊಂದು ಹೆಣೆದು ಅವರೇ ಒಂದು ಗುರುತು ಬರೆದುಕೊಂಡರು. ಅವರು ತೀರಿಕೊಂಡಿದ್ದು 1973ರಲ್ಲಿ. ಇವತ್ತಿಗೂ ಆ ಗುರುತು ಅವರ ಪುಸ್ತಕಗಳ ಮೇಲಿದೆ, ಅವರ ಕೃತಿಗಳ ಹಕ್ಕು ನೋಡಿಕೊಳ್ಳುವ ‘ಟೋಲ್ಕಿನ್ ಎಸ್ಟೇಟ್’ ಸಂಸ್ಥೆ ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿದೆ. ಬರೆದಿದ್ದು ಡ್ರ್ಯಾಗನ್, ಉಂಗುರ, ಮಾಂತ್ರಿಕರ ಕತೆ. ಗುರುತಿನಲ್ಲಿ ಅದ್ಯಾವುದೂ ಇಲ್ಲ, ಬರೀ ಅಕ್ಷರ. ಅದಕ್ಕೂ ಸುಮಾರು ನಾಲ್ಕು ಶತಮಾನ ಹಿಂದೆ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಮಾಡಿದ್ದೂ ಇದನ್ನೇ. ಕಾಲು ಅಗಲಿಸಿ ನಿಂತ ಒಂದು ‘ಎ’, ಆ ಕಾಲುಗಳ ನಡುವೆ ಒಂದು ಪುಟ್ಟ ‘ಡಿ’. ಮರದ ಅಚ್ಚಿನಲ್ಲಿ ಕೊರೆದರೂ, ತಾಮ್ರದ ತಗಡಿನಲ್ಲಿ ಗೀರಿದರೂ ಅದು ಅದೇ.

ಈಗ ಅಳತೆಗೆ ಬರೋಣ, ಏಕೆಂದರೆ ಲೋಗೋ ಕೆಡುವುದು ಇಲ್ಲೇ. ಎಲ್ಲರೂ ಕಂಪ್ಯೂಟರ್ ಪರದೆ ತುಂಬಾ ದೊಡ್ಡದಾಗಿ ಇಟ್ಟುಕೊಂಡು ಮಾಡುತ್ತಾರೆ. ಅದು ನಿಜವಾಗಿ ಕಾಣಿಸಿಕೊಳ್ಳುವುದು ಎಲ್ಲಿ? ವೆಬ್‌ಸೈಟ್ ಇದ್ದರೆ ಬ್ರೌಸರ್ ಟ್ಯಾಬ್‌ನಲ್ಲಿ, ಅಂದರೆ 16×16 ಪಿಕ್ಸೆಲ್ ಜಾಗದಲ್ಲಿ. ಸಾಮಾಜಿಕ ಜಾಲತಾಣದ ಪ್ರೊಫೈಲ್‌ನಲ್ಲಿ, ಅಲ್ಲಿ ನಾಲ್ಕೂ ಮೂಲೆ ಕತ್ತರಿಸಿ ದುಂಡಗೆ ಮಾಡುತ್ತಾರೆ. ಮತ್ತೆ ಪುಸ್ತಕದ ಸ್ಪೈನ್ ಮೇಲೆ, ಅಂದರೆ ಕಪಾಟಿನಲ್ಲಿ ನಿಲ್ಲಿಸಿದಾಗ ಕಾಣುವ ಬೆನ್ನಿನ ಮೇಲೆ. ಲೆಕ್ಕ ಹಾಕಿ ನೋಡಿ: 200 ಪುಟದ ಪುಸ್ತಕ ಅಂದರೆ 100 ಹಾಳೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಸ್ಪೈನ್ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಎರಡೂ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟರೆ ನಿಮಗೆ ಉಳಿಯುವುದು ಆರೇಳು ಮಿಲಿಮೀಟರ್. ಆ ಹಾರುವ ಹಕ್ಕಿ ಅಲ್ಲಿ ಒಂದು ಕಲೆಯ ಹಾಗೆ ಕಾಣುತ್ತದೆ, ಅಷ್ಟೇ.

ಕನ್ನಡ ಅಕ್ಷರಕ್ಕೆ ಈ ವಿಷಯದಲ್ಲಿ ಅದರದ್ದೇ ತಾಪತ್ರಯ ಇದೆ. ನಿಮ್ಮ ಹೆಸರು ಗೊತ್ತಿಲ್ಲ, ಸುಮ್ನೆ ‘ಹರ್ಷ’ ಅಂತ ಇಟ್ಟುಕೊಳ್ಳೋಣ. ಎರಡೇ ಅಕ್ಷರ, ಸುಲಭ ಅನ್ನಿಸುತ್ತದೆ. ಆದರೆ ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಅಂತ ಕಲಿತಿದ್ದೇವಲ್ಲ, ಚಿಕ್ಕದು ಮಾಡಿದ ತಕ್ಷಣ ಆ ಸೀಳಿನ ಗೆರೆ ಸುತ್ತಲಿನ ಗೆರೆಗೆ ಅಂಟಿಕೊಳ್ಳುತ್ತದೆ. ಹರ್ಷ ಹೋಗಿ ‘ಹರ್ಪ’ ಆಗುತ್ತದೆ. ದ-ಧ, ಬ-ಭ ಜೋಡಿಗಳಿಗೂ ಇದೇ ಗತಿ. ಒತ್ತಕ್ಷರ ಇದ್ದರೆ ಇನ್ನೂ ಕಷ್ಟ: ‘ಲಕ್ಷ್ಮಿ’ಯಲ್ಲಿ ‘ಕ್ಷ್ಮಿ’ ಕೆಳಗೆ ಇಳಿದು ಇಳಿದು ಜಾಗ ತಿನ್ನುತ್ತದೆ, ಹಾಗಾಗಿ ಇಡೀ ಹೆಸರನ್ನೇ ಚಿಕ್ಕದು ಮಾಡಬೇಕಾಗುತ್ತದೆ. ಇದಕ್ಕೆ ಮದ್ದು ಏನೆಂದರೆ, ಒಳಗಿನ ಸಣ್ಣ ಗೆರೆಗಳನ್ನು ಹೊರಗಿನ ಗೆರೆಗಿಂತ ತೆಳ್ಳಗೆ ಮಾಡಿ, ಸುತ್ತಲಿನ ಖಾಲಿ ಜಾಗವನ್ನು ಬೇಕೆಂದೇ ಹಿಗ್ಗಿಸುವುದು. ಫಾಂಟ್‌ನಲ್ಲಿ ಇದ್ದ ಹಾಗೆಯೇ ಬಿಡಬಾರದು.

ಅದೇ ‘ಹರ್ಷ’ದಲ್ಲಿ ಒಂದು ವರವೂ ಇದೆ: ಅರ್ಕಾವತ್ತು. ಅದು ಹೆಸರಿನ ಕೊನೆಯಲ್ಲಿ ಬಂದು ನಿಲ್ಲುತ್ತದೆ, ಅದರಾಚೆ ಯಾವ ಅಕ್ಷರವೂ ಇಲ್ಲ. ಆ ಕೊಕ್ಕೆಯನ್ನು ಕೆಳಗೆ ಎಳೆದು, ಎಡಕ್ಕೆ ತಿರುಗಿಸಿ, ಇಡೀ ಹೆಸರಿನ ಅಡಿಗೆರೆ ಮಾಡಬಹುದು. ಅಥವಾ ಅದೊಂದನ್ನೇ ಬೇರೆ ಬಣ್ಣದಲ್ಲಿ ಬಿಡಬಹುದು. ಪ್ರತಿ ಹೆಸರಲ್ಲೂ ಹೀಗೆ ಕೈಗೆ ಸಿಗುವ ಜಾಗ ಒಂದಾದರೂ ಇರುತ್ತದೆ: ದೀರ್ಘದ ಕೊಂಬು, ಸೊನ್ನೆ, ಇಳಿಬಿದ್ದ ಒತ್ತು, ತಲೆಕಟ್ಟು. ಅದನ್ನು ಹುಡುಕಿ, ಅಲ್ಲಿ ಮಾತ್ರ ಕೈ ಆಡಿಸಿ. ನಾಲ್ಕು ಕಡೆ ಆಡಿಸಿದರೆ ಮದುವೆ ಕಾರ್ಡು ಆಗಿಬಿಡುತ್ತದೆ. ಅರ್ಕಾವತ್ತು ಬೇಡ, ‘ರ’ ಬರೆದು ಕೆಳಗೆ ಷ ಒತ್ತು ಕೊಡುತ್ತೇನೆ ಅಂದರೆ ಅದೂ ಸರಿಯೇ. ಆದರೆ ಯಾವುದಾದರೂ ಒಂದಕ್ಕೆ ನಿಲ್ಲಿ. ಮುಖಪುಟದಲ್ಲಿ ಒಂದು ರೂಪ, ಪ್ರೊಫೈಲ್‌ನಲ್ಲಿ ಇನ್ನೊಂದು ಬೇಡ.

ಚಿತ್ರ ಬಿಡಿಸಲು ಬರುವುದಿಲ್ಲ ಅಂದಿರಲ್ಲ, ಅದು ಬೇಕಾಗಿಯೂ ಇಲ್ಲ. ಎರಡು ದಾರಿ ಇದೆ. ಒಂದು, ದಪ್ಪ ಮಾರ್ಕರ್ ತಗೊಂಡು ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರನ್ನು ಪುಟಗಟ್ಟಲೆ ಬರೆಯಿರಿ. ಮೊದಮೊದಲು ಅಕ್ಷರ ನೆಟ್ಟಗೆ ನಿಂತು ಬಿಗಿಯಾಗಿರುತ್ತದೆ, ಕೈ ಸ್ವಲ್ಪ ಬೇಜಾರಾದ ಮೇಲೆ ಬರುವುದೇ ಚೆನ್ನಾಗಿರುತ್ತದೆ. ಇಷ್ಟವಾದದ್ದನ್ನು ನೆರಳು ಬೀಳದ ಹಾಗೆ ಫೋಟೋ ತೆಗೆದು, ಇಂಕ್‌ಸ್ಕೇಪ್‌ಗೆ ಹಾಕಿ. ಉಚಿತ ಸಾಫ್ಟ್‌ವೇರ್ ಅದು. ಅದರಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಅಂತ ಇದೆ, ಫೋಟೋವನ್ನು ಗೆರೆಗಳಾಗಿ ಮಾಡಿಕೊಡುತ್ತದೆ. ಆಮೇಲೆ ಒರಟು ಅಂಚುಗಳನ್ನು ಒಂದೊಂದೇ ಚುಕ್ಕಿ ಎಳೆದು ಸರಿಮಾಡಬಹುದು.

ಕೈಬರಹ ನಿಮಗೇ ಇಷ್ಟವಿಲ್ಲ ಅಂದರೆ ಎರಡನೇ ದಾರಿ, ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ತಿರೊ ಕನ್ನಡ, ಬಾಲೂ ತಮ್ಮ ಎಲ್ಲ ಸಿಗುತ್ತವೆ. ಈ ಮೂರೂ ಮುಕ್ತ ಪರವಾನಗಿಯವು, ಲೋಗೋಗೆ ಬಳಸಲು ತೊಂದರೆ ಇಲ್ಲ. ಬಾಲೂ ತಮ್ಮ ಚಿಕ್ಕ ಅಳತೆಯಲ್ಲೂ ಗಟ್ಟಿಯಾಗಿ ಕಾಣುತ್ತದೆ, ಆದರೆ ಕೊಲೆ ಕತೆಗೆ ಅದರ ದುಂಡು ಮುಖ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಂಕ್‌ಸ್ಕೇಪ್‌ನಲ್ಲೇ ಹೆಸರು ಟೈಪ್ ಮಾಡಿ, ಒಂದು ಪ್ರತಿ ಹಾಗೇ ಇಟ್ಟುಕೊಂಡು, ಇನ್ನೊಂದನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ. ಆಗ ಅದು ಅಕ್ಷರವಾಗಿ ಉಳಿಯದೆ ಆಕಾರ ಆಗುತ್ತದೆ, ಬೇಕಾದಂತೆ ತಿದ್ದಬಹುದು. ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಇಂಕ್‌ಸ್ಕೇಪ್ ಬದಲು ಅಡೋಬಿಯ ಇಲ್ಲಸ್ಟ್ರೇಟರ್ ಬಳಸುವವರು ಮೊದಲು ಸೆಟ್ಟಿಂಗ್ಸ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತದೆ.

ಕೊನೆತನಕ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿ. ಬಣ್ಣ ಆಮೇಲೆ. ಪತ್ತೇದಾರಿ ಪುಸ್ತಕದ ಮುಖಪುಟ ಸಾಮಾನ್ಯವಾಗಿ ಕಡುಬಣ್ಣದ್ದು, ಹಾಗಾಗಿ ಕಪ್ಪಿನ ಮೇಲೆ ಬಿಳಿ ಅಕ್ಷರದ ಪ್ರತಿಯೂ ಬೇಕಾಗುತ್ತದೆ. ಅಚ್ಚಾಗುವಾಗ ಶಾಯಿ ಸ್ವಲ್ಪ ಹರಡಿ ಬಿಳಿ ಗೆರೆಯನ್ನು ತಿಂದುಹಾಕುತ್ತದೆ. ಆ ಪ್ರತಿಯಲ್ಲಿ ಗೆರೆ ಒಂದು ಚೂರು ದಪ್ಪ ಇರಲಿ.

ಅಕ್ಷರ ಸಾಲದು, ಚಿತ್ರ ಇರಲೇಬೇಕು ಅನ್ನುವುದಾದರೆ ‘ಜಂಗಲ್ ಬುಕ್’ ಬರೆದ ಕಿಪ್ಲಿಂಗ್ ಕತೆ ಕೇಳಿ. ಅವರ ಪುಸ್ತಕಗಳ ಮೇಲೆ ಆನೆಯ ತಲೆ, ಜೊತೆಗೆ ಸ್ವಸ್ತಿಕ ಇರುತ್ತಿತ್ತು. ಸ್ವಸ್ತಿಕ ಅವರಿಗೆ ಶುಭದ ಗುರುತು. ನಾಜಿಗಳು ಅದನ್ನು ತಮ್ಮದು ಮಾಡಿಕೊಂಡ ಮೇಲೆ, 1930ರ ದಶಕದಲ್ಲಿ, ಕಿಪ್ಲಿಂಗ್ ಅದನ್ನು ತೆಗೆಸಬೇಕಾಯಿತು. ಚಿತ್ರದ ಅರ್ಥ ನಮ್ಮ ಕೈಯಲ್ಲಿ ಇರುವುದಿಲ್ಲ. ಹೆಸರಿಗೆ ಆ ಭಯ ಕಡಿಮೆ.

ಕ್ಯಾನ್ವಾದಂಥ ವಿನ್ಯಾಸದ ವೆಬ್‌ಸೈಟ್‌ಗಳಲ್ಲಿ ಸಿದ್ಧ ಚಿತ್ರ ಎತ್ತಿಕೊಂಡು ಮಾಡಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಅದೇ ಚಿತ್ರ ಇನ್ನೂ ಎಷ್ಟು ಜನರ ಲೋಗೋದಲ್ಲಿ ಇರುತ್ತದೋ. ಅಲ್ಲಿನ ಸಿದ್ಧ ಚಿತ್ರಗಳಿರುವ ಲೋಗೋವನ್ನು ಮುಂದೆ ಟ್ರೇಡ್‌ಮಾರ್ಕ್ ಮಾಡಿಸಲು ಅವರ ನಿಯಮವೇ ಬಿಡುವುದಿಲ್ಲ. ಎಐಗೆ ಹೇಳಿ ಮಾಡಿಸುವ ಮೊದಲು ಅದು ಬರೆದ ಕನ್ನಡವನ್ನು ಒಮ್ಮೆ ದೊಡ್ಡದು ಮಾಡಿ ಓದಿ ನೋಡಿ. ನಗು ಬಂದರೆ ನನ್ನನ್ನು ಬೈಯಬೇಡಿ.

ಎಲ್ಲ ಆದ ಮೇಲೆ, ಲೋಗೋವನ್ನು ಗೆರೆಗಳಾಗಿಯೇ ಉಳಿಸುವ ಎಸ್‌ವಿಜಿ ಫೈಲ್ ಒಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದನ್ನು ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಅಚ್ಚಿಗೆ ಪಿಡಿಎಫ್ ಕೊಡಿ. ಪರದೆಗೆ ಪಿಎನ್‌ಜಿ ಸಾಕು, ಹಿನ್ನೆಲೆ ಪಾರದರ್ಶಕ ಇರಲಿ. ಜೆಪೆಗ್ ಬೇಡ, ಹಿಂದೆ ಬಿಳಿ ಚೌಕ ಅಂಟಿಕೊಂಡೇ ಬರುತ್ತದೆ.

ಇನ್ನೊಂದು. ಎರಡನೇ ಕಾದಂಬರಿ ಬೇರೆ ಪ್ರಕಾಶಕರಿಂದ ಬರುತ್ತಿದ್ದರೆ ಮೊದಲೇ ಅವರನ್ನು ಕೇಳಿ. ಸ್ಪೈನ್‌ನ ಕೆಳತುದಿ ಸಾಮಾನ್ಯವಾಗಿ ಪ್ರಕಾಶಕರ ಲೋಗೋದ ಜಾಗ, ಅದನ್ನು ಅವರು ಬಿಟ್ಟುಕೊಡುವುದಿಲ್ಲ. ಮುಖಪುಟದ ಮೇಲೆ ನಿಮ್ಮ ಹೆಸರನ್ನು ನೀವು ಮಾಡಿದ ರೂಪದಲ್ಲೇ ಹಾಕಿ ಅಂತ ಕೇಳಬಹುದು, ಮುಖಪುಟ ಮಾಡುವವರಿಗೂ ಒಂದು ಕೆಲಸ ಕಡಿಮೆ ಆಗುವುದರಿಂದ ಬಹಳಷ್ಟು ಜನ ಒಪ್ಪುತ್ತಾರೆ. ನಾನಂತೂ ಒಪ್ಪುತ್ತೇನೆ, ‘ಷ’ ಹೊಟ್ಟೆ ಸರಿಯಾಗಿ ಸೀಳಿದ್ದರೆ.